ಕಾಕಾನ ತಲೆಗೆ ಕಟ್ಟಿದ ಗಾಡಿ

ಹಳೇ ಹುಬ್ಬಳ್ಳಿಯಲ್ಲಿ ನನ್ನದು ಟಿವಿ, ಯುಪಿಎಸ್ ರಿಪೇರಿ ಅಂಗಡಿ. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮಿದುಳಿಗೂ ನನಗೂ ಏನೂ ಸಂಬಂಧ ಇರಲಿಲ್ಲ. ನಮ್ಮ ಕಾಕಾನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಈ ಹುಚ್ಚು ಹತ್ತಿತು. ತಲೆಯ ಸಿಗ್ನಲ್ ಹಿಡಿದು ಒಂದು ಸಣ್ಣ ಗಾಡಿ ಓಡಿಸಬೇಕು, ಅದು ಅಡಿಗೆಮನೆಗೆ ಹೋಗಿ ಕಾಕುವನ್ನು ಕರೆಯಬೇಕು. ಇಷ್ಟೇ ಆಸೆ.

ಸಾಮಾನು ದೊಡ್ಡದೇನಲ್ಲ. ಪ್ರೋಗ್ರಾಮ್ ಹಾಕಿ ನಡೆಸುವ ಆರ್ಡುಯಿನೋ ಉನೋ ಎಂಬ ಒಂದು ಸಣ್ಣ ಬೋರ್ಡು, ಮಿದುಳಿನ ಸಿಗ್ನಲ್ ಹಿಗ್ಗಿಸಲು ಬಯೋಆಂಪ್ ಎಂಬ ಬೆರಳಗಲದ ಬೋರ್ಡು, ಹಳದಿ ಬಣ್ಣದ ಸಣ್ಣ ಬ್ಯಾಟರಿ ಮೋಟಾರು ಹಾಕಿದ ಗಾಡಿ, ಬ್ಲೂಟೂತ್. ಚರ್ಮಕ್ಕೆ ಅಂಟಿಸಿ ಸಿಗ್ನಲ್ ಹಿಡಿಯುವ ಎಲೆಕ್ಟ್ರೋಡು ಮೂರು. ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು.

ಮೊದಲ ಪ್ರಯೋಗ ನನ್ನ ಹಣೆಯ ಮೇಲೇ. ಹಣೆಗೆ ಎಲೆಕ್ಟ್ರೋಡು ಅಂಟಿಸಿಕೊಂಡು, ಗಾಡಿಯನ್ನು ದಿಟ್ಟಿಸಿ ನೋಡಿ, ಮನಸ್ಸಿನಲ್ಲೇ 'ಹೋಗು' ಅಂದೆ. ಹೋಯಿತು! ಎರಡು ದಿನ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮೂರನೇ ದಿನ ನನ್ನ ಮಗಳು ಪಕ್ಕದಲ್ಲಿ ಕೂತು ನೋಡಿ, "ಪಪ್ಪಾ, ನೀ ಕಣ್ಣು ಪಿಳಿ ಪಿಳಿ ಮಾಡಿದಾಗ ಅಷ್ಟ ಓಡತೈತಿ" ಅಂದಳು. ನಿಜ. ಕಣ್ಣು ಪಿಳುಕಿಸಿದರೆ ಹಣೆಯ ಮೇಲೆ ದೊಡ್ಡ ವೋಲ್ಟೇಜು ಏಳುತ್ತದೆ, ಮಿದುಳಿನ ಸಿಗ್ನಲ್ ಅದರ ಕೆಳಗೆ ಮುಚ್ಚಿಹೋಗುತ್ತದೆ. ಅದೇ ಸಂಜೆ ಎಲೆಕ್ಟ್ರೋಡು ತೆಗೆಯದೆ ಗಿರ್ಮಿಟ್, ಮಿರ್ಚಿ ತಿನ್ನಲು ಕೂತೆ. ಒಂದೊಂದು ಸಲ ಅಗಿದಾಗಲೂ ಗಾಡಿ ಮುಂದೆ ಹಾರಿತು. ದವಡೆಯ ಸ್ನಾಯು ಕಣತಲೆಯವರೆಗೂ ಇದೆ, ಅದರ ಗದ್ದಲವೂ ಅಷ್ಟೇ ದೊಡ್ಡದು. ಅಲ್ಲಿಗೆ ನನ್ನ 'ಮನಸ್ಸಿನ ಶಕ್ತಿ' ಮುಗಿಯಿತು. 'ಮನಸ್ಸಿನಿಂದ ಓಡುವ ಗಾಡಿ' ಎಂಬ ವಿಡಿಯೋ ಕಂಡರೆ ಈಗ ನಾನು ಮೊದಲು ನೋಡುವುದು ಅವರ ಕಣ್ಣನ್ನು.

ಹಾಗಾದರೆ ನಿಜವಾದ ಮಿದುಳಿನ ಸಿಗ್ನಲ್ ಯಾವುದು? ಇದಕ್ಕೆ ಉತ್ತರ ನೂರು ವರ್ಷ ಹಳೆಯದು. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ಡಾಕ್ಟರು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಸಲ ದಾಖಲು ಮಾಡಿದರು, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಸುಮ್ನೆ ಕೂತವರ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಒಂದು ಅಲೆ ಬರುತ್ತದೆ. ಕಣ್ಣು ತೆರೆದರೆ ಅದು ಕುಗ್ಗುತ್ತದೆ. ಇದೇ ಆಲ್ಫಾ ಅಲೆ. ನನ್ನಂಥವನಿಗೆ ಇದಕ್ಕಿಂತ ನಂಬಿಕೆಯ ಸ್ವಿಚ್ ಬೇರೆ ಸಿಗಲಿಲ್ಲ.

ಆದರೆ ಅದನ್ನು ಹಿಡಿಯುವುದು ಸುಲಭ ಅಲ್ಲ. ಗಡಿಯಾರಕ್ಕೆ ಹಾಕುವ ಸೆಲ್ಲು 1.5 ವೋಲ್ಟ್ ಇರುತ್ತದಲ್ಲ, ಅದರ ಐವತ್ತು ಸಾವಿರದಲ್ಲಿ ಒಂದು ಪಾಲು ಅಂದುಕೊಳ್ಳಿ, ಸುಮಾರು ಅಷ್ಟೇ ಇದರ ಬಲ. ಒಂದು ವಾರ ಸ್ಕ್ರೀನಿನ ಮೇಲೆ ದಪ್ಪ ಹಗ್ಗದ ಹಾಗೆ ಗೆರೆ ಬರುತ್ತಿತ್ತು, ಅಲೆ ಎಲ್ಲೂ ಇಲ್ಲ. ಒಂದು ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ರಿಪೇರಿಯವನ ಮನೆಯ ಯುಪಿಎಸ್ ಆಗ ಕೆಟ್ಟು ಬಿದ್ದಿತ್ತು. ಮನೆ ಪೂರ್ತಿ ಕತ್ತಲು, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿ ಮೇಲೆ ನಡೆದಿದೆ. ಹಗ್ಗ ಥಟ್ಟನೆ ದಾರವಾಯಿತು! ಗೋಡೆಯೊಳಗಿನ ವೈರಿನ 50 ಹರ್ಟ್ಜ್ (ಸೆಕೆಂಡಿಗೆ 50 ಸಲದ) ಗುಂಯ್‌ಗುಡುವಿಕೆಯೇ ಇಷ್ಟು ದಿನ ನನ್ನನ್ನು ಆಟ ಆಡಿಸಿತ್ತು. ಓಣಿಯವರೆಲ್ಲ ಕರೆಂಟಿಗೆ ಬೈಯುತ್ತಿದ್ದರೆ ನಾನೊಬ್ಬ ಕಣ್ಣು ಮುಚ್ಚುತ್ತ ತೆರೆಯುತ್ತ ನಗುತ್ತಿದ್ದೆ. ಆಮೇಲೆ ವೈರು ಗಿಡ್ಡ ಮಾಡಿ ಹೆಣೆದೆ, ಪ್ರೋಗ್ರಾಮಿನಲ್ಲಿ 50 ಹರ್ಟ್ಜ್ ತೆಗೆಯುವ ಫಿಲ್ಟರ್ ಹಾಕಿದೆ. ಇಲ್ಲಿ ಒಂದು ಮಾತು: ಮೈಗೆ ಎಲೆಕ್ಟ್ರೋಡು ಅಂಟಿಸಿದಾಗ ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಲೇಬೇಡಿ. ಗದ್ದಲಕ್ಕಷ್ಟೇ ಅಲ್ಲ, ಜೀವಕ್ಕಾಗಿ. ಅಗ್ಗದ ಚಾರ್ಜರುಗಳ ಒಳಗೆ ಏನಿರುತ್ತದೆ ಅಂತ ದಿನಾ ಬಿಚ್ಚಿ ನೋಡುವವನು ಹೇಳುತ್ತಿದ್ದೇನೆ.

ಇನ್ನೊಂದು ಶತ್ರು ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ಕೂದಲ ಮೇಲೆ ಎಲೆಕ್ಟ್ರೋಡಿನ ಜೆಲ್ ಕೂಡುವುದೇ ಇಲ್ಲ. ನಾನು ಎರಡೆರಡು ಸಲ ಶಾಂಪೂ ಹಾಕಿ ತೊಳೆದುಕೊಳ್ಳಬೇಕಾಯಿತು. ಕಾಕಾನದು ಬೋಳು ತಲೆ. ನಮ್ಮ ಮನೆಯಲ್ಲಿ ಆ ತಲೆಗೆ ಮೊದಲ ಸಲ ಮರ್ಯಾದೆ ಸಿಕ್ಕಿತು.

ಕಾಕಾನನ್ನು ನೋಡುತ್ತಿದ್ದ ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ. ಲಕ್ವಾ ಬಲಗಡೆಗೆ ಹೊಡೆದಿದೆ ಅಂದರೆ ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಅದಕ್ಕೇ ತಲೆಯ ಹಿಂದಿನ ಉಬ್ಬಿನಿಂದ ಸ್ವಲ್ಪ ಮೇಲೆ, ಬಲಬದಿಗೆ ಒಂದು ಎಲೆಕ್ಟ್ರೋಡು, ಉಳಿದೆರಡು ಕಿವಿಗಳ ಹಿಂದೆ. "ಕಾಕಾ ಕಣ್ಣು ಮುಚ್ಚಿದರ ಗಾಡಿ ಓಡತೈತಿ ನೋಡ್ರಿ" ಅಂತ ನಾನು ಉತ್ಸಾಹದಲ್ಲಿ ಅಂದೆ. ಕಾಕು ಸಿಡಿದರು: "ಬಿಡ್ತು ಅನ್ನು! ಸಂಜಿ ಹೊತ್ತಿನ್ಯಾಗ ಕಣ್ಣು ಮುಚ್ಚೋ ಮಾತ್ಯಾಕ?" ಅವತ್ತಿನಿಂದ 'ರೆಪ್ಪೆ ಇಳಿಸೋದು' ಅಂತಲೇ ನಮ್ಮ ಮನೆಯಲ್ಲಿ ಹೇಳುವುದು.

ಮೊದಲ ಮಧ್ಯಾಹ್ನವೇ ಫಜೀತಿ. ಊಟ ಆಗಿ ಕಾಕಾ ಜೋಂಪಿಗೆ ಜಾರಿದರು, ಗಾಡಿ ಹೋಗಿ ಬಾಗಿಲಿಗೆ ಡಿಕ್ಕಿ, ಮತ್ತೆ ಡಿಕ್ಕಿ. ಅದಕ್ಕೆ ನಿಯಮ ಬದಲಿಸಿದೆ. ಅಲೆ ಎರಡು ಸೆಕೆಂಡು ಬರಬೇಕು, ನಾಲ್ಕು ಸೆಕೆಂಡಿನೊಳಗೆ ನಿಲ್ಲಬೇಕು, ಆಗ ಮಾತ್ರ ಆಜ್ಞೆ. ಅದಕ್ಕಿಂತ ಜಾಸ್ತಿ ಆದರೆ ನಿದ್ದೆ. ಗಾಡಿಯ ಮೇಲೆ ಮೂರು ದೀಪ: ಮುಂದೆ, ಎಡಕ್ಕೆ, ಬಲಕ್ಕೆ. ಒಂದಾದ ಮೇಲೊಂದು ಆರಾರು ಸೆಕೆಂಡು ಹತ್ತುತ್ತವೆ. ಬೇಕಾದ ದೀಪ ಹತ್ತಿದಾಗ ರೆಪ್ಪೆ ಇಳಿಸಿ, ಎತ್ತಬೇಕು. ಒಂದು ಆಜ್ಞೆಗೆ ಗಾಡಿ ಒಂದೇ ಅಡಿ. ಮರುದಿನ ಇಪ್ಪತ್ತು ಸಲದಲ್ಲಿ ಹದಿನಾಲ್ಕು ಸಲ ಸರಿ ಹೋಯಿತು. ಹಾಸಿಗೆಯಿಂದ ಅಡಿಗೆಮನೆಯ ಹೊಸ್ತಿಲಿಗೆ ಹದಿಮೂರು ಅಡಿ. ಅಷ್ಟು ದೂರಕ್ಕೆ ಹತ್ತು ನಿಮಿಷ ಹಿಡಿಯಿತು.

ಕಾಕು ಸೆರಗಿಗೆ ಕೈ ಒರೆಸುತ್ತ ಬಂದು ಅದನ್ನೆಲ್ಲ ನೋಡಿ ಒಂದೇ ಮಾತು ಕೇಳಿದರು. "ಎಡಗೈ ಛಲೋ ಐತೆಲ್ಲಪಾ, ಒಂದು ಬೆಲ್ ಸ್ವಿಚ್ ಕೊಟ್ಟಿದ್ರ ಆಗತಿರಲಿಲ್ಲೇನು?"

ಎರಡು ತಿಂಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಒಂದು ಬೆರಳು ಆಡಿದರೂ ಸ್ವಿಚ್ಚೇ ಮೇಲು, ಅಗ್ಗ, ತಪ್ಪುವುದಿಲ್ಲ. ಮಿದುಳಿನ ಸಿಗ್ನಲ್ ಬೇಕಾಗುವುದು ಆ ಒಂದು ಬೆರಳೂ ಆಡದವರಿಗೆ. ಅಂಥವರಿಗೆ ನನ್ನ ಒಂದು ಅಲೆ ಸಾಲದು. ಕಲ್ಯಾಣ ಮಂಟಪದ ಹೊರಗೆ ರಸ್ತೆಯಲ್ಲಿ ನಿಂತರೆ ಗಟ್ಟಿಮೇಳ ಆಯಿತು ಅನ್ನುವುದು ಕೇಳುತ್ತದೆ. ಒಳಗೆ ಬೀಗರು ಏನು ಮಾತಾಡಿದರು ಕೇಳುವುದಿಲ್ಲ. ತಲೆಬುರುಡೆಯ ಹೊರಗಿನ ಎಲೆಕ್ಟ್ರೋಡಿನ ಪಾಡು ಅದೇ. ಮಾತು ಕೇಳಬೇಕಾದರೆ ಮಂಟಪದ ಒಳಗೇ ಹೋಗಬೇಕು.

ಅಮೆರಿಕದಲ್ಲಿ ಹೋಗಿದ್ದಾರೆ. 2012ರಲ್ಲಿ ಬ್ರೇನ್‌ಗೇಟ್ ತಂಡದವರು ಒಬ್ಬ ಹೆಂಗಸಿನ ಕಥೆ ಹೊರಗಿಟ್ಟರು. ಸ್ಟ್ರೋಕ್ ಆಗಿ ಸುಮಾರು ಹದಿನೈದು ವರ್ಷ ಕೈಕಾಲು ಆಡದೆ ಇದ್ದವರು. ಚಲನೆ ನಡೆಸುವ ಮಿದುಳಿನ ಭಾಗದಲ್ಲಿ 96 ಎಲೆಕ್ಟ್ರೋಡುಗಳ ಪುಟ್ಟ ಚಿಪ್ ಕೂರಿಸಿದ್ದರು. ಆಕೆ ಕೈ ಆಡಿಸುವುದನ್ನು ಮನಸ್ಸಿನಲ್ಲಿ ಮಾಡಿದರು, ರೋಬೋ ತೋಳು ಕಾಫಿ ಬಾಟಲಿ ಎತ್ತಿ ಬಾಯಿಗೆ ತಂದಿತು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಎಂಬ ಕಂಪನಿ ತನ್ನ ಮೊದಲ ರೋಗಿಗೆ 1,024 ಎಲೆಕ್ಟ್ರೋಡಿನ ಚಿಪ್ ಹಾಕಿತು. ಕೆಲವು ವಾರಗಳಲ್ಲೇ ಎಲೆಕ್ಟ್ರೋಡು ಹೊತ್ತ ಅದರ ಕೆಲವು ಎಳೆಗಳು ಹಿಂದೆ ಸರಿದವು, ಆದರೂ ಅವರು ಕಂಪ್ಯೂಟರ್ ನಡೆಸುತ್ತಲೇ ಹೋದರು. ತಲೆ ತೆರೆಯದೆ ರಕ್ತನಾಳದ ದಾರಿಯಿಂದ ಎಲೆಕ್ಟ್ರೋಡು ಸೇರಿಸುವವರೂ ಇದ್ದಾರೆ. ನನಗೆ ಹೆಚ್ಚು ಭರವಸೆ ಅದರ ಮೇಲೇ. ಹೀಗೇ ರಕ್ತನಾಳದೊಳಗಿಂದ ಹೃದಯಕ್ಕೆ ಸ್ಟೆಂಟ್ ಹಾಕುವುದು ಈಗ ನಮ್ಮೂರಿನಲ್ಲೂ ದಿನಾ ನಡೆಯುವ ಕೆಲಸ ಅಲ್ವಾ?

ನನ್ನ ಮುಂದಿನ ಕೆಲಸ ಇಷ್ಟು ದೊಡ್ಡದಲ್ಲ. ಬೇರೆ ಬೇರೆ ವೇಗದಲ್ಲಿ ಮಿನುಗುವ ದೀಪ ಇಟ್ಟರೆ, ನೀವು ಯಾವುದನ್ನು ನೋಡುತ್ತೀರೋ ಅದರ ವೇಗವೇ ತಲೆಯ ಹಿಂಭಾಗದಲ್ಲಿ ಮೂಡುತ್ತದೆ. ದೀಪ ಸರದಿಯಲ್ಲಿ ಬರುವವರೆಗೆ ಕಾಯಬೇಕಿಲ್ಲ. ಎಲ್ಇಡಿ ತಂದು ಇಟ್ಟಿದ್ದೇನೆ. ಫಿಟ್ಸ್ ಇರುವವರಿಗೆ ಇಂಥ ಮಿನುಗು ಅಪಾಯ, ಅದಕ್ಕೆ ಡಾಕ್ಟರನ್ನು ಮತ್ತೊಮ್ಮೆ ಕೇಳಬೇಕು.

ಬೆಲ್ ಸ್ವಿಚ್ ಅದೇ ವಾರ ಹಾಕಿಕೊಟ್ಟೆ. ನೀರು ಬೇಕು, ಮಗ್ಗಲು ಬದಲಿಸಬೇಕು ಅಂದರೆ ಕಾಕಾ ಅದನ್ನೇ ಒತ್ತುತ್ತಾರೆ. ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಮಾತ್ರ ಎಡಗೈಯಿಂದ ತಲೆಯ ಹಿಂಭಾಗ ತಟ್ಟಿ ತೋರಿಸುತ್ತಾರೆ. ಮಗಳು ಎಲೆಕ್ಟ್ರೋಡು ಅಂಟಿಸುತ್ತಾಳೆ. ಗಾಡಿ ಒಂದೊಂದೇ ಅಡಿ ಇಟ್ಟು ಹೊಸ್ತಿಲಿಗೆ ಬಂದು ಕೀಂ ಅನ್ನುವಷ್ಟರಲ್ಲಿ ಕಾಕು ಚಹಾ ಸೋಸುತ್ತಿರುತ್ತಾರೆ.