ವಿಡಿಯೊ ಕಾಲ್‌ನಲ್ಲಿ ಥೆರಪಿ: ಮನೆಯಲ್ಲಿ ತಯಾರಿ ಹೇಗಿರಬೇಕು?

ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್. ದಾರಿಯುದ್ದಕ್ಕೂ ತಿರುವು. ಕುತ್ತಿಗೆ ಇನ್ನೂ ನಿಲ್ಲದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಬೇಕು, ಅರ್ಧ ಗಂಟೆ ಥೆರಪಿ ಮಾಡಿಸಬೇಕು, ಮತ್ತೆ ಅದೇ ತಿರುವುಗಳಲ್ಲಿ ವಾಪಸ್ ಬರಬೇಕು. ಮಗು ವಾಂತಿ ಮಾಡಿ ಸುಸ್ತಾಗುತ್ತದೆ, ಅಮ್ಮನ ಒಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ಹೋದವರು ಮೂರನೇ ಸಲ ಬಿಟ್ಟುಬಿಡುತ್ತಾರೆ. ಅವರದು ತಪ್ಪು ಅಂತ ನಾನು ಹೇಳಲಾರೆ.

ಈ ಕಡೆಯ ಹಳ್ಳಿಗಳಲ್ಲಿ, ಎಸ್ಟೇಟ್ ಲೈನ್‌ಗಳಲ್ಲಿ ಅಂಗವಿಕಲ ಮಕ್ಕಳ ಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ. ವಿಡಿಯೊ ಕಾಲ್ ಇಂಥ ಮನೆಗಳಿಗೆ ಆಸರೆ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮೊದಲ ಸಲ ನಾವು ದೊಡ್ಡ ತಪ್ಪು ಮಾಡಿದ್ದೆವು. ಆಟಿಸಂ ಇದ್ದ ನಾಲ್ಕು ವರ್ಷದ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ ಮುಖದ ಮುಂದೆ ಫೋನ್ ಹಿಡಿದೆವು. ಎರಡೇ ನಿಮಿಷಕ್ಕೆ ಎದ್ದು ಓಡಿದ. "ನನ್ನ ಮಗನಿಗೆ ಇದೆಲ್ಲ ಆಗಲ್ಲ ಟೀಚರ್" ಅಂತ ಅವನಮ್ಮ ಅತ್ತುಬಿಟ್ಟರು.

ವಿಡಿಯೊದಲ್ಲಿ ಥೆರಪಿಸ್ಟ್ ಮಗುವನ್ನು ಮುಟ್ಟಲಾರರು. ಮುಟ್ಟುವ ಕೈ ನಿಮ್ಮದು. ಹಾಗಾಗಿ ಅವರು ಕಲಿಸುವುದು ನಿಮಗೆ. ಮಗು ಫೋನಿನ ಕಡೆ ತಿರುಗಿಯೂ ನೋಡದಿದ್ದರೆ ಪರವಾಗಿಲ್ಲ, ತನ್ನ ಪಾಡಿಗೆ ಆಡಿಕೊಂಡಿರಲಿ. ಮುಂದಿನ ತಯಾರಿಯೆಲ್ಲ ಇದರ ಮೇಲೆ ನಿಂತಿದೆ.

ಮೊದಲ ಭೇಟಿ ಎದುರೆದುರೇ ಆಗಲಿ

ಸ್ನಾಯು ಎಷ್ಟು ಬಿಗಿ ಇದೆ ಅಂತ ಕೈಯಿಂದ ಮುಟ್ಟಿಯೇ ನೋಡಬೇಕು. ಕಿವಿ ಪರೀಕ್ಷೆ, ಹಿಯರಿಂಗ್ ಏಡ್ ಅಚ್ಚು, ಕಾಲಿನ ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಆಸರೆ) ಅಳತೆ ಫೋನಿನಲ್ಲಿ ಆಗುವುದಿಲ್ಲ. ಅಂಗನವಾಡಿಗೆ, ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಬರುತ್ತದಲ್ಲ, ಅವರಿಗೆ ಮಗುವನ್ನು ತೋರಿಸಿ. 2013ರಿಂದ ನಡೆಯುತ್ತಿರುವ ಈ ಕಾರ್ಯಕ್ರಮ ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಇದೆ. ಬೇಕಾದರೆ ಅವರೇ ಜಿಲ್ಲಾ ಮಟ್ಟದ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ಚಿಕಿತ್ಸೆ ಶುರು ಮಾಡುವ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು, ಕಿವಿಯ ತೊಂದರೆ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆನ್‌ಲೈನ್ ಥೆರಪಿಯನ್ನೂ ಅವರು ಕೊಡುತ್ತಾರೆ.

ಅಲ್ಲಿಂದ ಹೊರಡುವ ಮುಂಚೆಯೇ ಕೇಳಿಬಿಡಿ: "ಮೇಡಂ, ಮುಂದಿನದನ್ನು ವಿಡಿಯೊ ಕಾಲ್‌ನಲ್ಲಿ ಹೇಳಿಕೊಡ್ತೀರಾ? ಯಾವುದಕ್ಕೆ ನಾವು ಬರಲೇಬೇಕು?" ಖಾಸಗಿಯವರಾದರೆ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಸ್ಪೀಚ್ ಥೆರಪಿಸ್ಟ್‌ಗಳು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆಗಿರಬೇಕು.

ಸಿಗ್ನಲ್ ಸಿಗುವ ಜಾಗ

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸಿಗ್ನಲ್ ಸಿಗುವುದು ಮನೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಮಗುವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಮನೆಯಲ್ಲೇ ಎರಡು ನಿಮಿಷದ ವಿಡಿಯೊ ಮಾಡಿ, ನೀವೊಬ್ಬರೇ ದಿಬ್ಬಕ್ಕೆ ಹೋಗಿ ಕಳಿಸಿ. ಥೆರಪಿಸ್ಟ್ ಅದನ್ನು ನೋಡಿಟ್ಟುಕೊಂಡರೆ, ಆಮೇಲೆ ಮಾಮೂಲಿ ಫೋನ್ ಕಾಲ್‌ನಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಮಗು ಊಟ ಮಾಡುವುದು, ಏಳುವುದು, ಏನಾದರೂ ಬೇಕಾದಾಗ ಕೇಳುವ ರೀತಿ, ಇವುಗಳ ವಿಡಿಯೊ ಕಳಿಸಿ. ಚೆನ್ನಾಗಿ ಮಾಡಿದ್ದನ್ನು ಮಾತ್ರ ಆರಿಸಿ ಕಳಿಸಬೇಡಿ. ಎಡವುವುದೂ ಕಾಣಬೇಕು, ಅಲ್ವಾ?

ಇನ್ನೊಂದು ದಾರಿ ಅಂಗನವಾಡಿ ಅಥವಾ ಪಂಚಾಯಿತಿ ಗ್ರಂಥಾಲಯ. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಹೇಳಿದರೆ ಜಾಗ ಕೇಳಿ ಕೊಡಿಸುತ್ತಾರೆ. ಝೂಮ್‌ನ ಉಚಿತ ಖಾತೆಯಲ್ಲಿ ಮಾತು 40 ನಿಮಿಷಕ್ಕೆ ಕಟ್ ಆಗುತ್ತದೆ. ಮಗುವಿಗೂ ಅಷ್ಟು ಹೊತ್ತು ಬೇಡ. 25 ನಿಮಿಷ ಸಾಕು.

ಫೋನ್ ನೆಲಕ್ಕೆ ಬರಲಿ

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದೇ. ಫೋನ್ ಕೈಯಲ್ಲಿ ಹಿಡಿದರೆ ಮಗುವಿಗೆ ಒಂದೇ ಕೈ ಉಳಿಯುತ್ತದೆ. ಸ್ಟ್ಯಾಂಡ್ ಬೇಡ. ಒಂದು ಸೇರಿನಲ್ಲಿ ಅಕ್ಕಿ ತುಂಬಿ ಅದರಲ್ಲಿ ಫೋನ್ ನಿಲ್ಲಿಸಿ, ನೆಲದ ಮೇಲೆ ಐದಾರು ಅಡಿ ದೂರ ಇಡಿ. ಮಗುವಿನ ತಲೆಯಿಂದ ಪಾದದವರೆಗೆ ಕಾಣಬೇಕು, ನಿಮ್ಮ ಕೈಗಳೂ ಕಾಣಬೇಕು. ಮಲೆನಾಡಿನ ಮನೆಯೊಳಗೆ ಕತ್ತಲೆ ಜಾಸ್ತಿ. ಮಗುವಿನ ಮುಖ ಬಾಗಿಲ ಕಡೆ ಇರಲಿ, ಬೆನ್ನಿಗೆ ಕಿಟಕಿ ಬೇಡ. ಸನ್ನೆ ಭಾಷೆ ಕಲಿಯುವ ಮಗುವಾದರೆ ಕೈಗಳ ಮೇಲೆ ಬೆಳಕು ಬೀಳಲೇಬೇಕು, ಹಿಂದೆ ಬರೀ ಗೋಡೆ ಇರಲಿ.

ಆಮೇಲೆ ಮನೆಯನ್ನು ತೋರಿಸಿ. ಇದು ಕೇಂದ್ರಕ್ಕೆ ಹೋದರೆ ಸಿಗದ ಲಾಭ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಒಬ್ಬ ಹುಡುಗಿಯ ಮನೆಯಲ್ಲಿ ಥೆರಪಿಸ್ಟ್ ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆ ಕಂಡರು. "ಅದರ ಮೇಲೆ ಕೂರಿಸಿ, ಪಾದ ಪೂರ್ತಿ ನೆಲಕ್ಕೆ ತಾಗಲಿ" ಅಂದರು. ಹಿಂದೆ ಅಜ್ಜಿ ಕೂತು ಸೊಂಟಕ್ಕೆ ಆಸರೆ ಕೊಟ್ಟರು. ಆವತ್ತಿನಿಂದ ಅಮ್ಮ ರೊಟ್ಟಿ ತಟ್ಟುವ ಹೊತ್ತೇ ಅವಳ ಥೆರಪಿ ಹೊತ್ತು. ಅವಳಿಗೂ ಒಂದು ಉಂಡೆ ಹಿಟ್ಟು ಸಿಗುತ್ತದೆ, ಎರಡು ಕೈಯಲ್ಲೂ ಒತ್ತುತ್ತಾಳೆ. ದಿನಕ್ಕೆ ಇಷ್ಟು ಗಂಟೆ ಅಂತ ಬೇರೆ ಹೊತ್ತು ತೆಗೆಯಲು ಕೂಲಿಗೆ ಹೋಗುವ ಅಮ್ಮನಿಗೆ ಆಗುವುದಿಲ್ಲ. ಇರುವ ಕೆಲಸದೊಳಗೇ ಸೇರಿಸಿ ಅಂತ ಥೆರಪಿಸ್ಟ್‌ಗೆ ಹೇಳಿ.

ಮಗು ನಿದ್ದೆ ಮುಗಿಸಿ, ಸ್ವಲ್ಪ ತಿಂದು ಖುಷಿಯಾಗಿರುವ ಹೊತ್ತನ್ನೇ ಆರಿಸಿ. ಟಿ.ವಿ. ಆಫ್ ಇರಲಿ.

ಕಾಲ್ ಇಡುವ ಮುಂಚೆ

ಹೇಳಿಕೊಟ್ಟದ್ದನ್ನು ಒಮ್ಮೆ ನೀವೇ ಮಾಡಿ ತೋರಿಸಿ. "ಹೂಂ, ಗೊತ್ತಾಯ್ತು" ಅಂದು ಬಿಡಬೇಡಿ. ಕೈ ಎಲ್ಲಿ ಇಡಬೇಕು, ಎಷ್ಟು ಸಲ, ಮಗು ಅತ್ತರೆ ಏನು ಮಾಡಬೇಕು, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದು ಸಲಕ್ಕೆ ಎರಡು ಅಭ್ಯಾಸಕ್ಕಿಂತ ಜಾಸ್ತಿ ಒಪ್ಪಿಕೊಳ್ಳಬೇಡಿ.

ಕಾಲ್‌ನಲ್ಲಿ ಮಗುವಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು. ವೈದ್ಯರ ಆನ್‌ಲೈನ್ ಸಲಹೆಗೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಊಟದ ಅಭ್ಯಾಸದ ನಡುವೆ ಮಗು ಕೆಮ್ಮಿದರೆ, ಗಂಟಲಲ್ಲಿ ಗುರುಗುರು ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಮಗುವಿನ ವಿಡಿಯೊವನ್ನು ಥೆರಪಿಸ್ಟ್‌ಗೆ ಮಾತ್ರ ಕಳಿಸಿ. ಊರಿನ ಗ್ರೂಪಿಗೆ, ಸ್ಟೇಟಸ್‌ಗೆ ಹಾಕಬೇಡಿ. ಸ್ನಾನ, ಶೌಚ ಕಲಿಸುವುದನ್ನು ಗೊಂಬೆ ಇಟ್ಟುಕೊಂಡು ತೋರಿಸಿದರೆ ಸಾಕು. ಆ ಕಡೆಯವರು ರೆಕಾರ್ಡ್ ಮಾಡುವುದಿದ್ದರೆ ನಿಮ್ಮನ್ನು ಕೇಳಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ.

ಜುಲೈ ಮಳೆಗೆ ಕರೆಂಟ್ ಎರಡು ಮೂರು ದಿನ ಬರದೇ ಇರಬಹುದು. ಕರೆಂಟ್ ಇದ್ದಾಗಲೇ ಪವರ್ ಬ್ಯಾಂಕ್ ಚಾರ್ಜ್ ಮಾಡಿಡಿ. ಕಾಲ್ ತಪ್ಪಿದರೆ ಮುಂದಿನ ದಿನ ಯಾವುದು ಅಂತ ಈಗಲೇ ಥೆರಪಿಸ್ಟ್ ಹತ್ತಿರ ಮಾತಾಡಿಟ್ಟುಕೊಳ್ಳಿ, ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅವರ ನಂಬರ್ ದೊಡ್ಡದಾಗಿ ಬರೆದಿಡಿ.