ಎಲೆಅಡಿಕೆ ತಟ್ಟೆಯೂ ನಾಯಿಯ ಹಲ್ಲೂ

ರಾತ್ರಿ ಊಟ ಮುಗಿಸಿ ಜಗಲಿಗೆ ಬಂದು ಎಲೆಅಡಿಕೆ ತಟ್ಟೆ ಎಳೆದುಕೊಂಡರೆ ಸಾಕು, ನಮ್ಮ ಕೆಂಚ ಎಲ್ಲಿದ್ದರೂ ಬಂದು ನನ್ನ ಮೊಣಕಾಲಿಗೆ ಒರಗಿ ಕೂರುತ್ತಾನೆ. ಹಲ್ಲುಜ್ಜಿಸಿಕೊಳ್ಳಲಿಕ್ಕೆ. ತೀರ್ಥಹಳ್ಳಿ ಪೇಟೆಯಿಂದ ಬಂದ ನೆಂಟರು ಇದನ್ನು ನೋಡಿ ನಗುತ್ತಾರೆ. "ಅತ್ತೆ, ನಿಮ್ಮ ಹಲ್ಲು ಅರ್ಧ ಉದುರಿ ಆಯ್ತು, ಈಗ ನಾಯಿ ಹಲ್ಲು ಕಾಯ್ತಾ ಕೂತಿದ್ದೀರಾ?" ಅಂತ ಒಬ್ಬಳು ಕೇಳಿದ್ದಳು. ನಗಲಿ ಬಿಡಿ. ಈ ಅಭ್ಯಾಸ ಸುಮ್ನೆ ಬಂದದ್ದಲ್ಲ.

ಕೆಂಚನಿಗೆ ಮುಂಚೆ ನಮ್ಮಲ್ಲಿ ಕರಿಯ ಅಂತ ಇದ್ದ. ಎಂಟು ವರ್ಷ ದಾಟುವ ಹೊತ್ತಿಗೆ ಅವನು ಹತ್ತಿರ ಬಂದರೆ ಮುಖ ತಿರುಗಿಸುವಷ್ಟು ವಾಸನೆ. ನಾಯಿ ಬಾಯಿ ಅಂದ ಮೇಲೆ ನಾರುತ್ತದೆ ಅಂತ ನಾವೂ ಸುಮ್ಮನಿದ್ದೆವು. ಒಂದು ಮಳೆಗಾಲದಲ್ಲಿ ಅವನ ಬಲಗಣ್ಣಿನ ಕೆಳಗೆ ಊದಿಕೊಂಡಿತು. ಕಣಜ ಕಚ್ಚಿರಬೇಕು ಅಂತ ಅರಿಶಿನ ಹಚ್ಚಿದೆ. ಇಳಿಯಿತು, ಹದಿನೈದು ದಿನಕ್ಕೆ ಮತ್ತೆ ಬಂತು, ಆಮೇಲೆ ಒಡೆದು ಕೀವು ಸೋರಿತು. ಡಾಕ್ಟರು ಅವನ ಮೇಲ್ತುಟಿ ಎತ್ತಿ ತೋರಿಸಿದರು. ಮೇಲಿನ ದೊಡ್ಡ ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿ, ಕಣ್ಣಿನ ಕೆಳಗೆ ದಾರಿ ಮಾಡಿಕೊಂಡಿತ್ತು. ಆ ಹಲ್ಲು ಕೀಳಿಸಿದ ಮೇಲೇ ಗಾಯ ಒಣಗಿದ್ದು. ಆಗ ಒಂದೊಂದೇ ನೆನಪಾಯಿತು. ಆರು ತಿಂಗಳಿಂದ ಅವನು ತಲೆ ವಾರೆ ಮಾಡಿ ಒಂದೇ ಕಡೆ ಅಗಿಯುತ್ತಿದ್ದ. ಗಟ್ಟಿ ರೊಟ್ಟಿ ಬಾಯಿಂದ ಬೀಳಿಸುತ್ತಿದ್ದ. ವಯಸ್ಸಾಯ್ತು ಪಾಪ ಅಂದುಕೊಂಡಿದ್ದೆ. ನಾಯಿ ಹಲ್ಲುನೋವು ಅಂತ ಅಳುವುದಿಲ್ಲ ನೋಡಿ. ನೋವಿದ್ದರೂ ಉಣ್ಣುತ್ತಲೇ ಇರುತ್ತದೆ.

ನಾಯಿಗೆ 42 ಹಲ್ಲು. ನಮಗಿಂತ ಹತ್ತು ಜಾಸ್ತಿ. ನಮ್ಮ ಹಾಗೆ ಹುಳುಕು ಹಿಡಿಯುವುದು ಕಡಿಮೆ, ಅವಕ್ಕೆ ಬರುವುದೆಲ್ಲ ಒಸಡಿನ ಕಾಯಿಲೆ. ತಿಂದಾದ ಮೇಲೆ ಹಲ್ಲಿಗೆ ಮೊದಲು ತೆಳ್ಳಗೆ ಪಾಚಿ ಕಟ್ಟುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಅದೇ ಪಾಚಿ ಹಳದಿ ಕಿಟ್ಟವಾಗುತ್ತದೆ, ಹಂಡೆಯೊಳಗೆ ಗಡಸು ನೀರಿನ ಕರೆ ಕೂತ ಹಾಗೆ. ಕಿಟ್ಟಕ್ಕೆ ಬ್ರಷ್ಷು, ಬಟ್ಟೆ ಯಾವುದೂ ನಾಟುವುದಿಲ್ಲ. ಅದು ಒಸಡನ್ನು ತಳ್ಳಿಕೊಂಡು ಒಳಗೆ ಇಳಿಯುತ್ತದೆ, ಕೊಳೆಯುತ್ತದೆ, ನಾರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಗಸಗಸ ಉಜ್ಜುವುದಕ್ಕಿಂತ ದಿನಾ ಒಂದು ನಿಮಿಷ ಒರೆಸುವುದು ಮೇಲು.

ಮೊದಲ ದಿನವೇ ಬಾಯಿಗೆ ಕೈ ಹಾಕಬೇಡಿ. ಕೆಂಚನಿಗೆ ನಾನು ಮೊದಲ ವಾರ ಏನೂ ಉಜ್ಜಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೆನ್ನೆ ಸವರುವುದು, ತುಟಿ ಒಂಚೂರು ಎತ್ತುವುದು, ಬಿಡುವುದು, "ಜಾಣ" ಅನ್ನುವುದು. ಎರಡನೇ ವಾರ ಒದ್ದೆ ಬೆರಳಿನಿಂದ ಒಸಡು ಸವರಿದೆ. ಮೂರನೇ ವಾರಕ್ಕೆ ಬಟ್ಟೆ ಬಂತು. ನಮ್ಮ ಯಜಮಾನರ ಹಳೇ ಹತ್ತಿ ಪಂಚೆ ಹರಿದು ಮಾಡಿದ ಪಟ್ಟಿ, ಬಿಸಿನೀರಲ್ಲಿ ಕುದಿಸಿದ್ದು. ತೋರುಬೆರಳಿಗೆ ಸುತ್ತಿ, ನೀರಲ್ಲಿ ಅದ್ದಿ ಹಿಂಡಿ ಉಜ್ಜಬೇಕು. ಬಾಯಿ ತೆರೆಸುವ ಕೆಲಸವೇ ಬೇಡ. ಬಾಯಿ ಮುಚ್ಚಿದ್ದರೂ ತುಟಿ ಎತ್ತಿದರೆ ಹಲ್ಲಿನ ಹೊರಮೈ ಕಾಣುತ್ತದೆ. ಕಿಟ್ಟ ಜಾಸ್ತಿ ಕೂರುವುದೂ ಅಲ್ಲೇ. ಒಳಗಿನ ಬದಿಯನ್ನು ನಾಲಿಗೆಯೇ ಸಾಕಷ್ಟು ನೋಡಿಕೊಳ್ಳುತ್ತದೆ.

ಕೋರೆಹಲ್ಲಿನಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಕೆನ್ನೆ ಒಳಗೆ, ಮೇಲಿನ ಸಾಲಿನ ಅತಿ ದೊಡ್ಡ ಹಲ್ಲನ್ನು ಮಾತ್ರ ತಪ್ಪಿಸಬೇಡಿ. ಜೊಲ್ಲು ಒಸರುವ ಸಣ್ಣ ತೂತು ಅದರ ಹತ್ತಿರವೇ ಇರುವುದರಿಂದ ಕಿಟ್ಟ ಮೊದಲು ಹಿಡಿಯುವುದು ಅದಕ್ಕೇ. ಕರಿಯನದ್ದು ಹೋದದ್ದೂ ಅದೇ ಹಲ್ಲು. ಬಟ್ಟೆ ಒಗ್ಗಿದ ಮೇಲೆ ಬೇಕಿದ್ದರೆ ಮಕ್ಕಳ ಮೆತ್ತನೆಯ ಬ್ರಷ್ಷು ತನ್ನಿ. ಹಲ್ಲೂ ಒಸಡೂ ಸೇರುವ ಗೆರೆಗೆ ಓರೆಯಾಗಿ ಹಿಡಿದು ಸಣ್ಣಗೆ ಸುತ್ತಿಸಿ. ಶುರುವಿನಲ್ಲಿ ಒಂದೆರಡು ದಿನ ಬಟ್ಟೆಗೆ ರಕ್ತದ ಎಳೆ ಅಂಟಿದರೆ ಗಾಬರಿ ಬೇಡ. ವಾರವಾದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ನಾಯಿ ಎದ್ದು ಹೋದರೆ ಹೋಗಲಿ, ನಾಳೆ ಇದೆಯಲ್ಲ. ಮುಗಿದ ಮೇಲೆ ಕೆಂಚನಿಗೆ ಒಂದು ತುಂಡು ಮುಳ್ಳುಸೌತೆ. ಅವನಿಗೆ ಅದೇ ಪ್ರಸಾದ.

ನಮ್ಮ ಪೇಸ್ಟು ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡವೇ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಹಾಕಿದ್ದೆಲ್ಲ ಹೊಟ್ಟೆಗೆ. ನೊರೆ ಬರಿಸುವ ವಸ್ತು, ಫ್ಲೋರೈಡು ಅದರ ಹೊಟ್ಟೆಗೆ ಆಗಿಬರುವುದಿಲ್ಲ. ಕೆಲವು ಪೇಸ್ಟುಗಳಲ್ಲಿ, ಸಕ್ಕರೆ ಇಲ್ಲ ಅಂತ ಬರೆದ ಚೂಯಿಂಗ್ ಗಮ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ನಮಗೆ ಏನೂ ಮಾಡದು. ನಾಯಿಗೆ ಸ್ವಲ್ಪವೇ ಹೋದರೂ ರಕ್ತದ ಸಕ್ಕರೆ ಸರ್ರನೆ ಇಳಿದು ಫಿಟ್ಸ್ ಬರಬಹುದು, ಲಿವರ್ ಕೆಡಬಹುದು. ನಾಯಿಗೆ ಅಂತಲೇ ಮಾಡಿದ, ಕೋಳಿ ರುಚಿಯ ಪೇಸ್ಟು ಸಿಗುತ್ತದೆ. ದುಡ್ಡಿದ್ದರೆ ತನ್ನಿ, ಇಲ್ಲದಿದ್ದರೆ ಬರೀ ನೀರು ಸಾಕು. ಕೆಲಸ ಮಾಡುವುದು ಉಜ್ಜಾಟ.

ಉಮಿಕರಿಗೆ ಉಪ್ಪು ಬೆರೆಸಿ ಉಜ್ಜಿ ಬೆಳೆದವರು ನಾವು. ಅದನ್ನು ನಾಯಿಗೆ ಹಚ್ಚಬೇಡಿ, ಹಲ್ಲಿನ ಮೇಲ್ಪದರ ಗೀರುತ್ತದೆ, ಉಪ್ಪೂ ಹೊಟ್ಟೆ ಸೇರುತ್ತದೆ. ಲವಂಗದ ಎಣ್ಣೆಯೂ ಬೇಡ. ಕೊಬ್ಬರಿ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿದರೆ ಜಾರಿಕೆ ಇರುತ್ತದೆ, ನಾಯಿಯೂ ಇಷ್ಟಪಡುತ್ತದೆ, ಆದರೆ ಅದೇ ಔಷಧಿ ಅಂತ ನಂಬಿ ಕೂರಬೇಡಿ. ಇನ್ನು ಅಡಿಕೆ. ಸುಲಿಯುವ ಕಾಲದಲ್ಲಿ ಮನೆ ತುಂಬಾ ಬಿದ್ದಿರುತ್ತದೆ, ಮರಿಗಳು ಆಟಕ್ಕೆ ಕಚ್ಚುತ್ತವೆ. ಒಂದು ಕಾಲದಲ್ಲಿ ನಾಯಿಯ ಹೊಟ್ಟೆಹುಳಕ್ಕೆ ಅಡಿಕೆಯ ಸಾರವನ್ನೇ ಮದ್ದಾಗಿ ಕೊಡುತ್ತಿದ್ದರು. ಅಷ್ಟು ಜೋರು ಅದು. ಜೊಲ್ಲು, ವಾಂತಿ, ಭೇದಿ ಎಲ್ಲ ಒಟ್ಟಿಗೇ ಹಿಡಿಯುತ್ತದೆ. ಅದಕ್ಕೆ ಕೆಂಚ ಪಕ್ಕದಲ್ಲಿ ಕೂತಾಗ ನನ್ನ ತಟ್ಟೆ ಇನ್ನೊಂದು ಕೈ ಕಡೆ ಇರುತ್ತದೆ.

ಎಲುಬು ಕಡಿದರೆ ಹಲ್ಲು ತಾನೇ ಚೊಕ್ಕವಾಗುತ್ತದೆ ಅನ್ನುವ ಮಾತಿದೆ. ಭಾನುವಾರ ಕೋಳಿ ಸಾರು ಮಾಡಿದರೆ ಎಲೆ ಎತ್ತುವಾಗ ಎಲುಬೆಲ್ಲ ನಾಯಿಗೇ. ನಾನೂ ಹಾಗೇ ಮಾಡುತ್ತಿದ್ದೆ. ಬೆಂದ ಎಲುಬು ಸಿಬಿರು ಸಿಬಿರಾಗಿ ಸೀಳುತ್ತದೆ, ಒಸಡಿಗೋ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ದೊಡ್ಡ ಗಟ್ಟಿ ಎಲುಬು ಸೀಳುವುದಿಲ್ಲ, ಬದಲಿಗೆ ಹಲ್ಲನ್ನೇ ಸೀಳುತ್ತದೆ. ತೆಂಗಿನ ಕರಟವೂ ಹಾಗೇ. ನಾನು ನೋಡುವುದು ಒಂದೇ ಲೆಕ್ಕ: ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದಷ್ಟು ಗಟ್ಟಿ ಇದ್ದರೆ ನಾಯಿ ಹಲ್ಲಿಗೆ ಬೇಡ. ಹಸಿ ಕ್ಯಾರೆಟ್ ಕೊಡಿ, ಅಗಿಯುವ ಚಪಲ ತೀರುತ್ತದೆ. ಟೀ ಜೊತೆ ಬಿಸ್ಕತ್ತು ಹಾಕುವ ಅಜ್ಜಂದಿರಿಗೆ ನಾನು ಹೇಳಿ ಹೇಳಿ ಸೋತಿದ್ದೇನೆ, ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಅದು ಹಲ್ಲಿಗೆ ಮೆತ್ತಿಕೊಂಡು ಕೂರುತ್ತದೆ. ನೀರಿನ ಬೋಗುಣಿಯ ಲೋಳೆಯನ್ನೂ ದಿನಾ ತಿಕ್ಕಿ ತೊಳೆಯಿರಿ.

ಮರಿಯಾಗಿದ್ದರೆ ಕೆಲಸ ಸುಲಭ. ಹಾಲುಹಲ್ಲು 28. ಆರೇಳು ತಿಂಗಳ ಹೊತ್ತಿಗೆ ಅವು ಬಿದ್ದು ಹೊಸತು ಬಂದಿರುತ್ತವೆ. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೇದೂ ನಿಂತಿದ್ದರೆ ತೋರಿಸಿ. ಪುಟ್ಟ ಜಾತಿಯ ನಾಯಿಗಳಲ್ಲಿ ಇದು ಜಾಸ್ತಿ, ಅವುಗಳ ಒಸಡು ಕೆಡುವುದೂ ಬೇಗ.

ಎಲ್ಲ ವಾಸನೆಯೂ ಹಲ್ಲಿನದ್ದೇ ಅಲ್ಲ. ಕೊಟ್ಟಿಗೆ ಕಡೆ ಸಗಣಿ ಮುಕ್ಕಿ ಬಂದಿದ್ದರೆ ಸಂಜೆಗೆ ಹೋಗುತ್ತದೆ. ಉಚ್ಚೆಯಂಥ ವಾಸನೆ ಬಿಡದೆ ಬರುತ್ತಿದ್ದರೆ ಕಿಡ್ನಿ ನೋಡಿಸಬೇಕು. ನೀರು ಜಾಸ್ತಿ ಕುಡಿದು, ಬಾಯಿ ಒಂಥರಾ ಹಣ್ಣಿನ ಹಾಗೆ ಸಿಹಿಯಾಗಿ ನಾರಿದರೆ ಸಕ್ಕರೆ ಕಾಯಿಲೆ ಇರಬಹುದು. ಇದ್ದಕ್ಕಿದ್ದ ಹಾಗೆ ನಾರಿ, ಮುಂಗಾಲಿನಲ್ಲಿ ಬಾಯಿ ಕೆರೆದುಕೊಂಡರೆ ಏನೋ ಸಿಕ್ಕಿದೆ ಅಂತ ಅರ್ಥ. ನಮ್ಮ ಕಡೆ ಮೀನು ಮುಳ್ಳು ಇರಬಹುದು, ಮುಳ್ಳುಹಂದಿಯ ಮುಳ್ಳಿರಬಹುದು, ಮಳೆಗಾಲದಲ್ಲಿ ಇಂಬಳವೂ ಇರಬಹುದು.

ಆದರೆ ಒಂದು ಎಚ್ಚರ. ಜೊಲ್ಲು ಸುರಿಸುತ್ತಾ, ನುಂಗಲಾಗದೆ, ದವಡೆ ಜೋತುಬಿದ್ದು, ಗಂಟಲಲ್ಲಿ ಎಲುಬು ಸಿಕ್ಕಿದ ಹಾಗೆ ಕಾಣುವ ನಾಯಿಯ ಬಾಯಿಗೆ ಕೈ ಹಾಕಲೇಬೇಡಿ. ಹುಚ್ಚು ಹಿಡಿದ ನಾಯಿಯೂ ಹೀಗೇ ಕಾಣುತ್ತದೆ. ಎಲುಬು ತೆಗೆಯಲು ಹೋಗಿ ಜೊಲ್ಲು ಕೈಯ ಗೀರಿಗೆ ತಾಗಿದರೂ ಅಪಾಯ. ತಾಗಿಬಿಟ್ಟರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ನಾಯಿಗೆ ವರ್ಷಾ ವರ್ಷಾ ರೇಬೀಸ್ ಚುಚ್ಚುಮದ್ದು ಹಾಕಿಸದೆ ಈ ಹಲ್ಲುಜ್ಜುವ ಕೆಲಸಕ್ಕೆ ಕೂರುವುದೇ ಬೇಡ.

ಕಿಟ್ಟ ಆಗಲೇ ಕಟ್ಟಿದ್ದರೆ ಚಾಕು, ಪಿನ್ನು ತಗೊಂಡು ಕೆರೆಯಬೇಡಿ. ಮೇಲಿಂದ ಬಿಳಿ ಕಂಡರೂ ಒಸಡಿನ ಅಡಿಯದ್ದು ಅಲ್ಲೇ ಇರುತ್ತದೆ. ಅದನ್ನು ಡಾಕ್ಟರು ಅರಿವಳಿಕೆ ಕೊಟ್ಟು, ನಾಯಿ ಮಲಗಿದ ಮೇಲೆ ತೆಗೆಯಬೇಕು. ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜೇ ಇದೆ, ಹತ್ತಿರದವರು ಅಲ್ಲಿ ವಿಚಾರಿಸಬಹುದು. ಒಮ್ಮೆ ತೆಗೆಸಿ ಮನೆಗೆ ಬಂದ ವಾರದಿಂದಲೇ ಬಟ್ಟೆ ಹಿಡಿಯಿರಿ, ಇಲ್ಲದಿದ್ದರೆ ಖರ್ಚು ಮಾಡಿದ್ದು ಹೊಳೆಗೆ.

ಬಟ್ಟೆಯ ವಿಷಯಕ್ಕೇ ಒಂದು ಮಾತು. ಆಷಾಢದಲ್ಲಿ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಒಂದೇ ಪಟ್ಟಿ ಇಟ್ಟುಕೊಂಡರೆ ಮೂರನೇ ದಿನ ಅದೇ ಮುಗ್ಗಲು ಹಿಡಿದು ನಾಯಿ ಬಾಯಿಗಿಂತ ಕೆಟ್ಟದಾಗಿ ನಾರುತ್ತದೆ. ಏಳು ಪಟ್ಟಿ ಹರಿದಿಡಿ. ನಾನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲೇ ಒಣಗಿಸುತ್ತೇನೆ.