ಏರ್‌ಬ್ರಷ್‌ಗೆ ಬಣ್ಣ ಆರಿಸೋದನ್ನ ನಾನು ಕೊನೆಯಿಂದ ಶುರು ಮಾಡೋಕೆ ಕಲಿತಿದ್ದು

ಏರ್‌ಬ್ರಷ್ಷಲ್ಲಿ, ಅಂದ್ರೆ ಗಾಳಿ ಒತ್ತಡದಲ್ಲಿ ಬಣ್ಣ ಊದೋ ಪುಟ್ಟ ಗನ್ನಲ್ಲಿ, ನಾನು ಪೂರ್ತಿ ಮಾಡಿ ಮುಗಿಸಿದ ಮೊದಲನೇ ಕೆಲ್ಸ ಒಂದು ಸ್ಟೀಲ್ ನೀರಿನ ಬಾಟಲಿ, ಅದರ ಮೇಲೆ ಒಂದು ಮಿಂಚುಳ್ಳಿ. ಮೂರು ಸಂಜೆ ಅದರ ಮುಂದೇನೇ ಕೂತಿದ್ದೆ, ರೆಕ್ಕೆ ನೀಲಿ ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ ರಾತ್ರಿ ಎದ್ದು ಬಂದು ಇನ್ನೊಂದ್ ಸಲ ನೋಡಿದ್ದೆ. ತಂಗಿಗೆ ಕೊಟ್ಟೆ. ಹತ್ತು ದಿನ ಆದ್ಮೇಲೆ ವಾಪಸ್ ತಂದ್ಲು, "ಅಣ್ಣಾ, ಬ್ಯಾಗಲ್ಲಿ ಇಟ್ಟಿದ್ದೆ ಅಷ್ಟೇ ಕಣೋ, ನೋಡು ಏನಾಗಿದೆ" ಅಂತ. ಕೊಕ್ಕಿನ ಹತ್ರ ಒಂದು ಅಂಚು ಎದ್ದಿತ್ತು, ನಾನು ಉಗುರಲ್ಲಿ ಮೆಲ್ಲಗೆ ಎತ್ತಿದೆ, ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಇಡೀ ರೆಕ್ಕೆ ಒಂದೇ ಹಾಳೆಯಾಗಿ ಕೈಗೆ ಬಂತು. ಕೆಳಗೆ ಸ್ಟೀಲು ಹೊಚ್ಚ ಹೊಸದರ ಥರ ಹೊಳೀತಾ ಇತ್ತು.

ಆ ಬಣ್ಣ ಕೆಟ್ಟದ್ದಾಗಿರ್ಲಿಲ್ಲ, ಒಳ್ಳೇ ಏರ್‌ಬ್ರಷ್ ಅಕ್ರಿಲಿಕ್ಕೇ, ನಾನು ಅದನ್ನ ಆರಿಸಿದ ರೀತಿ ತಪ್ಪಾಗಿತ್ತು. ಮೊದಲು ಬಣ್ಣದ ಸೆಟ್ ತಗೊಂಡೆ, ಆಮೇಲೆ ಯಾವುದರ ಮೇಲೆ ಹೊಡೀಲಿ ಅಂತ ಹುಡುಕಿದೆ, ಎಲ್ಲಾ ಮುಗಿದ್ಮೇಲೆ ಮೇಲೆ ಏನಾದ್ರೂ ವಾರ್ನಿಶ್ ಹೊಡೆದ್ರಾಯ್ತು ಅಂದ್ಕೊಂಡೆ. ಈಗ ನಾನು ಇದನ್ನ ಪೂರ್ತಿ ಉಲ್ಟಾ ಮಾಡ್ತೀನಿ. ಈ ವಸ್ತು ಕೊನೆಗೆ ಎಲ್ಲಿರುತ್ತೆ, ಯಾರ್ ಕೈಗೆ ಹೋಗುತ್ತೆ, ನೀರು ಬಿಸಿಲು ಬೀಳುತ್ತಾ, ಗೋಡೆ ಮೇಲೆ ಸುಮ್ನೆ ತೂಗ್ತಾ ಇರುತ್ತಾ, ಇದು ಮೊದಲನೇ ಪ್ರಶ್ನೆ. ಅದರಿಂದ ಫಿನಿಶ್, ಅಂದ್ರೆ ಕೊನೆಗೆ ಮೇಲೆ ಹಾಕೋ ರಕ್ಷಣೆಯ ಪದರ, ಯಾವ್ದು ಅಂತ ಗೊತ್ತಾಗುತ್ತೆ, ಫಿನಿಶ್ ಗೊತ್ತಾದ್ರೆ ಅದು ಯಾವ ಬಣ್ಣದ ಮೇಲೆ ಕೂರುತ್ತೆ ಅಂತ ಗೊತ್ತಾಗುತ್ತೆ, ಆ ಬಣ್ಣ ಹಿಡ್ಕೊಳ್ಳೋಕೆ ಮೇಲ್ಮೈಯನ್ನ ಹೇಗೆ ತಯಾರು ಮಾಡ್ಬೇಕು ಅನ್ನೋದು ತಾನಾಗೇ ಬರುತ್ತೆ.

ಮೇಲ್ಮೈ ವಿಷ್ಯ ಮೊದಲು ಹೇಳ್ತೀನಿ, ಯಾಕಂದ್ರೆ ಹೊಸಬರು ಇಲ್ಲೇ ಹೆಚ್ಚು ಅವಸರ ಮಾಡೋದು. ನುಣ್ಣಗಿರೋ ಲೋಹ, ಪ್ಲಾಸ್ಟಿಕ್, ಗಾಜು ಇವುಗಳಲ್ಲಿ ಬಣ್ಣ ಒಳಗೆ ಇಂಗೋಕೆ ಜಾಗಾನೇ ಇಲ್ಲ, ಮೇಲೆ ಸುಮ್ನೆ ಕೂತಿರುತ್ತೆ. ಅದಕ್ಕೆ ಹಲ್ಲು ಕೊಡ್ಬೇಕು, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು. ನಾನೀಗ ಲೋಹ ಆದ್ರೆ ಮೊದಲು ಪಾತ್ರೆ ಸೋಪು ನೀರಲ್ಲಿ ತೊಳೀತೀನಿ, 600 ನಂಬರ್ ಮರಳು ಕಾಗದದಲ್ಲಿ ನೀರು ಹಾಕ್ಕೊಂಡು ಹೊಳಪು ಪೂರ್ತಿ ಹೋಗೋವರೆಗೂ ಉಜ್ತೀನಿ, ಒಣಗಿಸಿ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸ್ತೀನಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ. ಬೆರಳಿನ ಎಣ್ಣೆ ಸಾಕು, ಬಣ್ಣ ಆ ಜಾಗದಲ್ಲಿ ಮೀನಿನ ಕಣ್ಣಿನ ಥರ ಗುಂಡಗೆ ಬಿಟ್ಕೊಂಡು ನಿಲ್ಲುತ್ತೆ, ಆಮೇಲೆ ಎಷ್ಟು ಹೊಡೆದ್ರೂ ಆ ಗುಳಿ ಮುಚ್ಚಲ್ಲ. ಇದಾದ್ಮೇಲೆ ಲೋಹಕ್ಕೆ ಅಂತಾನೇ ಇರೋ ಪ್ರೈಮರ್ರು, ಅಂದ್ರೆ ಬಣ್ಣ ಹಿಡ್ಕೊಳ್ಳೋಕೆ ಮೊದಲು ಹಾಕೋ ಅಡಿ ಪದರ, ತೆಳುವಾಗಿ ಎರಡು ಮೂರು ಸಲ. ಪ್ಲಾಸ್ಟಿಕ್ಕಲ್ಲಿ ಪಾಲಿಪ್ರೊಪಿಲೀನ್ ಅನ್ನೋ ಜಾತಿ ಇದೆ, ಕೈಗೆ ಮೇಣದ ಥರ ಜಾರುತ್ತಲ್ಲ, ಅದಕ್ಕೆ ಮಾಮೂಲಿ ಪ್ರೈಮರ್ ಕೂಡ ಸರಿಯಾಗಿ ಹಿಡಿಯಲ್ಲ, ಹಿಡಿತ ಹೆಚ್ಚಿಸೋ ಅಡ್ಹೀಶನ್ ಪ್ರೊಮೋಟರ್ ಅಂತ ಬೇರೆನೇ ಬೇಕು. ಹೊಸಬರು ಅದರ ತಂಟೆಗೆ ಹೋಗದೇ ಇರೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಕ್ಯಾನ್ವಾಸ್ ನೋಡೋಕೆ ಸುಲಭ ಅನ್ಸುತ್ತೆ, ಆದ್ರೆ ಬ್ರಷ್ಷಲ್ಲಿ ಬರೆಯೋವಾಗ ನೇಯ್ಗೆ ಗುಂಡಿಗಳನ್ನ ಬಣ್ಣ ತುಂಬ್ಕೊಂಡು ಹೋಗುತ್ತೆ, ಏರ್‌ಬ್ರಷ್ಷಲ್ಲಿ ಹಾಗಾಗಲ್ಲ. ಓರೆಯಾಗಿ ಹೊಡೆದ್ರೆ ದಾರದ ಒಂದು ಪಕ್ಕಕ್ಕೆ ಮಾತ್ರ ಬಣ್ಣ ಬಿದ್ದು, ಮುಖ ಬರೆದ್ರೆ ಕೆನ್ನೆ ಮೇಲೆ ಚಾಪೆ ಹಾಸಿದ ಹಾಗೆ ಕಾಣುತ್ತೆ. ಗೆಸ್ಸೋ ಅನ್ನೋ ಬಿಳಿ ಅಡಿಬಣ್ಣ ಮೂರು ನಾಲ್ಕು ಕೋಟ್ ಹಾಕಿ, ಪ್ರತೀ ಕೋಟ್ ಒಣಗಿದ್ಮೇಲೆ 400 ನಂಬರಲ್ಲಿ ಉಜ್ಜಿದ್ರೆ ಸರಿ ಹೋಗುತ್ತೆ. ಮರ ಮತ್ತು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಣ್ಣಾನ ಹೀರುತ್ತೆ, ಮೊದಲು ಸೀಲರ್ ಬೇಕು. ಬಟ್ಟೆದು ಬೇರೆ ಲೋಕ, ಅದಕ್ಕೆ ಬಟ್ಟೆ ಬಣ್ಣನೇ ಬೇಕು, ಗಾಳಿ ಒತ್ತಡ ಜಾಸ್ತಿ ಇಡ್ಬೇಕು, ಒಣಗಿದ್ಮೇಲೆ ಇಸ್ತ್ರಿ ಹಾಕಿ ಬಿಸಿಯಲ್ಲಿ ಕೂರಿಸ್ಬೇಕು, ಇಲ್ಲಾಂದ್ರೆ ಒಗೆಯೋವಾಗ ಹೋಗುತ್ತೆ.

ಕಲಿಯೋಕೆ ನಿಜಕ್ಕೂ ಚೆನ್ನಾಗಿರೋದು ನುಣುಪು ಕಾಗದ, ಹಾಟ್ ಪ್ರೆಸ್ ಅಥವಾ ಬ್ರಿಸ್ಟಲ್ ಅಂತ ಕೇಳಿ, 300 ಜಿಎಸ್‌ಎಂ ದಪ್ಪ ಇದ್ರೆ ಒದ್ದೆಯಾದ್ರೂ ಅಷ್ಟು ಬೇಗ ಸುರುಟಿಕೊಳ್ಳಲ್ಲ. ಬಾಟಲಿ ಘಟನೆ ಆದ್ಮೇಲೆ ಆರು ತಿಂಗಳು ಬರೀ ಕಾಗದದ ಮೇಲೇ ಮಾಡ್ದೆ. ಅದರಲ್ಲಿ ಹಿಡಿತದ ಚಿಂತೆ ಇಲ್ಲ, ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹಾಕೋ ಪಾರದರ್ಶಕ ಪದರ) ಚಿಂತೆ ಇಲ್ಲ, ಟ್ರಿಗರನ್ನ ಬೆರಳಲ್ಲಿ ಹಿಂದಕ್ಕೆ ಎಷ್ಟು ಎಳೆದ್ರೆ ಎಷ್ಟು ಬಣ್ಣ ಬರುತ್ತೆ ಅನ್ನೋದೊಂದೇ ಕೆಲ್ಸ.

ಈಗ ಬಣ್ಣ. ನಾನು ಮೊದಲು ಮಾಡಿದ್ದು ಮನೇಲಿದ್ದ ಟ್ಯೂಬ್ ಅಕ್ರಿಲಿಕ್‌ಗೆ ನೀರು ಬೆರೆಸಿ ಏರ್‌ಬ್ರಷ್ ಮೇಲಿರೋ ಬಣ್ಣದ ಬಟ್ಟಲಿಗೆ, ಅಂದ್ರೆ ಕಪ್‌ಗೆ, ಹಾಕಿದ್ದು. ಬಣ್ಣ ಹೊರಗೆ ಬರೋ ನಾಜಲ್ ತೂತು 0.3 ಎಂಎಂ, ಎರಡು ನಿಮಿಷಕ್ಕೆ ಕಟ್ಕೊಂತು. ಟ್ಯೂಬ್ ಬಣ್ಣದ ಕಣ ಬ್ರಷ್‌ಗೆ ಅಂತ ಮಾಡಿರೋದು, ಜೊತೆಗೆ ನೀರು ಜಾಸ್ತಿ ಆದ್ರೆ ಬಣ್ಣಾನ ಹಿಡ್ಕೊಂಡಿರೋ ಬೈಂಡರ್ ತೆಳುವಾಗಿ ಒಣಗಿದ್ಮೇಲೆ ಕೈಗೆ ಪುಡಿ ಹತ್ತುತ್ತೆ. ಹಾಗಾಗಿ ಏರ್‌ಬ್ರಷ್‌ಗೆ ಅಂತಾನೇ ಮಾಡಿರೋ ನೀರಿನ ಬೇಸ್ ಅಕ್ರಿಲಿಕ್ ತಗೊಳ್ಳಿ, ಕ್ರಿಯೇಟೆಕ್ಸ್, ಗೋಲ್ಡನ್ ಹೈ ಫ್ಲೋ, ವಲ್ಲೆಹೊ ಮಾಡೆಲ್ ಏರ್, ಶ್ಮಿಂಕೆ ಏರೋ ಕಲರ್, ಯಾವುದಾದ್ರೂ ಸರಿ, ಆದ್ರೆ ಒಂದನ್ನ ಹಿಡ್ಕೊಂಡ್ರೆ ಅದರ ರೆಡ್ಯೂಸರ್ (ಬಣ್ಣ ತೆಳು ಮಾಡೋ ತಿನ್ನರ್) ಕೂಡ ಅದೇ ಕಂಪನೀದು ತಗೊಳ್ಳಿ. ಒಂದು ಕಂಪನಿ ಬಣ್ಣಕ್ಕೆ ಇನ್ನೊಂದರ ತಿನ್ನರ್ ಹಾಕಿ ಕಪ್ಪಲ್ಲೇ ಮೊಸರು ಒಡೆದ ಹಾಗೆ ಗಂಟು ಗಂಟಾಗಿದ್ದನ್ನ ನಾನೇ ನೋಡಿದೀನಿ, ಅವತ್ತು ಇಡೀ ಗನ್ನು ಬಿಚ್ಚಿ ತೊಳೆಯೋಕೆ ಒಂದು ಗಂಟೆ ಹೋಯ್ತು.

ಹದ ಹಾಲಿನಷ್ಟಿರ್ಬೇಕು ಅಂತ ಎಲ್ರೂ ಹೇಳ್ತಾರೆ, ಆ ಮಾತು ಸರಿ, ಆದ್ರೆ ಅದನ್ನ ನೋಡೋದು ಹೇಗೆ ಅಂತ ಯಾರೂ ಹೇಳಲ್ಲ. ಕಪ್ಪಿನ ಒಳಗೋಡೆ ಮೇಲೆ ಬ್ರಷ್ಷಲ್ಲಿ ಒಂಚೂರು ಬಣ್ಣ ಮೇಲಕ್ಕೆ ಎಳೀರಿ, ಅದು ಕೆಳಗೆ ಜಾರಿ ಹೋಗೋವಾಗ ಹಿಂದೆ ತೆಳುವಾದ ಪರದೆ ಥರ ಬಿಟ್ಟು ಹೋದ್ರೆ ಸರಿ ಇದೆ. ಜಾರದೆ ಅಲ್ಲೇ ನಿಂತ್ರೆ ಗಟ್ಟಿ, ಏನೂ ಬಿಡದೆ ಇಳಿದು ಹೋದ್ರೆ ತೀರಾ ತೆಳು. ಕಾಗದದ ಮೇಲೆ ಮರಳು ಚೆಲ್ಲಿದ ಹಾಗೆ ಚುಕ್ಕಿ ಬಂದ್ರೆ ಬಣ್ಣ ಗಟ್ಟಿ ಅಥವಾ ಒತ್ತಡ ಕಡಿಮೆ, ಜೇಡರ ಕಾಲಿನ ಥರ ಸುತ್ತ ಹರಿದ್ರೆ ಬಣ್ಣ ತೆಳು, ಇಲ್ಲಾ ತುಂಬಾ ಹತ್ರ ಹಿಡಿದಿದೀರಿ. ಸಣ್ಣ ಕೆಲ್ಸಕ್ಕೆ ನಾನು ಗಾಳಿ ಒತ್ತಡ 15ರಿಂದ 20 ಪಿಎಸ್‌ಐ ಇಡ್ತೀನಿ, ದೊಡ್ಡ ಜಾಗ ತುಂಬೋಕೆ 25ರಿಂದ 30. ಅಕ್ರಿಲಿಕ್ಕು ಸೂಜಿ ತುದೀಲೇ ಒಣಗಿ ಗಡ್ಡ ಕಟ್ಟುತ್ತೆ, ಅದು ಎಲ್ರಿಗೂ ಆಗುತ್ತೆ, ಪಕ್ಕದಲ್ಲಿ ರೆಡ್ಯೂಸರಲ್ಲಿ ಅದ್ದಿದ ಮೆತ್ತನೆ ಬ್ರಷ್ ಇಟ್ಕೊಂಡು ಆಗಾಗ ತುದಿ ಒರೆಸಿದ್ರೆ ಸಾಕು. ಒಣ ಹವೆ ಇದ್ದಾಗ ಒಣಗೋದನ್ನ ನಿಧಾನ ಮಾಡೋ ರಿಟಾರ್ಡರ್ ಎರಡು ಹನಿ ಹಾಕ್ತೀನಿ.

ಸೆಟ್ ತಗೊಳ್ಳೋವಾಗ ಬಾಟಲಿ ಮೇಲೆ ಟ್ರಾನ್ಸ್‌ಪರೆಂಟ್ ಅಂತ ಇದ್ಯಾ ಒಪೇಕ್ ಅಂತ ಇದ್ಯಾ ನೋಡಿ, ಇದನ್ನ ನಾನು ಮೊದಲು ಗಮನಿಸೇ ಇರ್ಲಿಲ್ಲ. ಟ್ರಾನ್ಸ್‌ಪರೆಂಟ್ ಅಂದ್ರೆ ಬಣ್ಣದ ಗಾಜಿನ ಥರ, ಬೆಳಕು ಅದನ್ನ ದಾಟಿ ಕೆಳಗಿರೋ ಬಿಳಿಗೆ ಬಡಿದು ವಾಪಸ್ ಬರುತ್ತೆ, ಅದಕ್ಕೇ ಒಳಗಿಂದ ದೀಪ ಹಚ್ಚಿದ ಹಾಗೆ ಕಾಣೋದು, ಒಂದರ ಮೇಲೊಂದು ಪದರ ಹಾಕ್ತಾ ಹೋದ್ರೆ ನಿಧಾನವಾಗಿ ಗಾಢ ಆಗುತ್ತೆ, ಆದ್ರೆ ಒಂದ್ ಸಲ ಗಾಢ ಆದ್ರೆ ವಾಪಸ್ ತಿಳಿ ಮಾಡೋಕಾಗಲ್ಲ. ಒಪೇಕ್ ಕೆಳಗಿರೋದನ್ನ ಮುಚ್ಚುತ್ತೆ. ಹೊಸಬರಿಗೆ ನನ್ನ ಸಲಹೆ, ಇಪ್ಪತ್ತನಾಲ್ಕು ಬಾಟಲಿ ಸೆಟ್ ಬೇಡ, ಟ್ರಾನ್ಸ್‌ಪರೆಂಟಲ್ಲಿ ಹಳದಿ, ಮೆಜೆಂಟಾ, ಸಯಾನ್, ಕಂದು, ಕಪ್ಪು, ಒಪೇಕಲ್ಲಿ ಒಂದು ಬಿಳಿ, ಆರೇ ಸಾಕು.

ಬಿಳಿ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಒಂದು ಮುಖದ ಚಿತ್ರದಲ್ಲಿ ಮೂಗಿನ ತುದಿಗೆ ಹೊಳಪು ಕೊಡೋಕೆ ಕಂದು ಮೇಲೆ ಒಪೇಕ್ ಬಿಳಿ ಮೆಲ್ಲಗೆ ಊದಿದೆ, ಒಣಗಿ ನೋಡಿದ್ರೆ ಮೂಗು ಚಳೀಲಿ ಮರಗಟ್ಟಿದ ಹಾಗೆ ನೀಲಿ. ಬಾಟಲೀಲಿ ನೀಲಿ ಬೆರೆತಿದೆ ಅಂತ ಹೊಸ ಬಾಟಲಿ ತೆಗೆದೆ, ಅದೂ ನೀಲಿನೇ. ಆಮೇಲೆ ತಿಳೀತು, ಗಾಢ ಬಣ್ಣದ ಮೇಲೆ ಬಿಳಿಯ ಸಣ್ಣ ಕಣಗಳು ತೆಳುವಾಗಿ ಹರಡಿದಾಗ ಅವು ನೀಲಿ ಬೆಳಕನ್ನ ಹೆಚ್ಚು ಚದುರಿಸುತ್ತವೆ, ಹೊಗೆ ಕಪ್ಪು ಹಿನ್ನೆಲೆ ಮುಂದೆ ನೀಲಿಯಾಗಿ ಕಾಣೋದೂ ಇದೇ ಕಾರಣಕ್ಕೆ. ಈಗ ಬಿಳಿಗೆ ಒಂದು ಹನಿ ಹಳದಿ ಅಥವಾ ಕಿತ್ತಳೆ ಸೇರಿಸ್ತೀನಿ, ಇಲ್ಲಾಂದ್ರೆ ಬಿಳಿ ಹೊಡೆದ ಮೇಲೆ ಟ್ರಾನ್ಸ್‌ಪರೆಂಟ್ ಬೆಚ್ಚಗಿನ ಬಣ್ಣ ತೆಳುವಾಗಿ ಹಾಯಿಸ್ತೀನಿ. ಕಾಗದದಲ್ಲಾದ್ರೆ ಇನ್ನೂ ಚಂದದ ದಾರಿ ಇದೆ, ಬಿಳಿ ಹಾಕೋದೇ ಬೇಡ, ರಬ್ಬರ್ ಪೆನ್ಸಿಲ್ಲಲ್ಲಿ ಒರೆಸಿ ಅಥವಾ ಬ್ಲೇಡಲ್ಲಿ ಮೆಲ್ಲಗೆ ಕೆರೆದು ಕೆಳಗಿನ ಕಾಗದದ ಬಿಳೀನೇ ಎತ್ತೋದು. ಕೂದಲೆಳೆ, ಕಣ್ಣಿನ ಹೊಳಪು ಇದರಲ್ಲಿ ಬರೋಷ್ಟು ಜೀವಂತವಾಗಿ ಬೇರೆ ಯಾವುದರಲ್ಲೂ ಬರಲ್ಲ.

ಕ್ಯಾಡ್ಮಿಯಂ ಇರೋ ಬಣ್ಣ ಯಾವತ್ತೂ ಸ್ಪ್ರೇ ಮಾಡ್ಬೇಡಿ, ಉಸಿರಲ್ಲಿ ಒಳಗೆ ಹೋಗ್ಬಾರದ ವಸ್ತು ಅದು. ನೀರಿನ ಬಣ್ಣ ಅಂತ ಮಾಸ್ಕ್ ಇಲ್ದೇ ಕೂರೋರನ್ನ ಕಂಡ್ರೆ ನಂಗೆ ನಿಜಕ್ಕೂ ಸಂಕಟ ಆಗುತ್ತೆ, ವಾಸನೆ ಇಲ್ಲ ಅಂದ್ಮಾತ್ರಕ್ಕೆ ಆ ಮಂಜು ಶ್ವಾಸಕೋಶಕ್ಕೆ ಹೋಗಲ್ಲ ಅಂತಲ್ಲ.

ಇನ್ನು ಫಿನಿಶ್. ಗ್ಲಾಸಿ, ಅಂದ್ರೆ ಹೊಳಪಿನ ಫಿನಿಶ್, ಹೊಡೆದ್ರೆ ಗಾಢ ಬಣ್ಣಗಳು ಒದ್ದೆಯಾದ ಕಲ್ಲಿನ ಥರ ಆಳ ಆಗ್ತವೆ, ಟ್ರಾನ್ಸ್‌ಪರೆಂಟ್ ಪದರಗಳ ಪೂರ್ತಿ ಚಂದ ಕಾಣೋದು ಅದರಲ್ಲೇ, ಆದ್ರೆ ಪ್ರತಿಯೊಂದು ಧೂಳೂ ಕಾಣುತ್ತೆ. ಹೊಳಪಿಲ್ಲದ ಮ್ಯಾಟ್ ಫಿನಿಶ್‌ನಲ್ಲಿ ಬೆಳಕು ಚದುರಿಸೋ ಸಣ್ಣ ಪುಡಿ ಇರುತ್ತೆ, ಅದು ತಳದಲ್ಲಿ ಕೂತಿರುತ್ತೆ, ಸರಿಯಾಗಿ ಅಲುಗಾಡಿಸದೆ ಹೊಡೆದ್ರೆ ಒಂದು ಕಡೆ ಹೊಳಪು ಒಂದು ಕಡೆ ಮಂಕು, ದಪ್ಪ ಹೊಡೆದ್ರೆ ಬಿಳಿ ಮಬ್ಬು. ಕಪ್ಪು ಕುದುರೆಯೊಂದನ್ನ ಬರೆದು ಮ್ಯಾಟ್ ದಪ್ಪಗೆ ಹೊಡೆದೆ, ಬೂದಿ ಮೆತ್ತಿಕೊಂಡ ಕುದುರೆ ಆಯ್ತು, ಕುತ್ತಿಗೆಯಲ್ಲಿ ನಾನು ಅಷ್ಟು ಕಷ್ಟಪಟ್ಟು ತಂದಿದ್ದ ನೀಲಿಗಪ್ಪು ಎಲ್ಲಾ ಮಾಯ. ಅಲ್ಲಿಂದ ಮುಂದೆ ಮ್ಯಾಟ್ ಬೇಕು ಅಂದ್ರೂ ಮೊದಲು ಒಂದು ಗ್ಲಾಸಿ ಕೋಟ್ ಹಾಕಿ ಅದರ ಮೇಲೆ ತೆಳುವಾಗಿ ಮ್ಯಾಟ್ ಹಾಯಿಸ್ತೀನಿ. ಮುಖಗಳಿಗೆ ನಾನು ಅರೆ ಹೊಳಪಿನ ಸ್ಯಾಟಿನ್ ಇಷ್ಟ ಪಡ್ತೀನಿ, ಚರ್ಮಕ್ಕೆ ಅದೇ ಹೊಂದುತ್ತೆ.

ಸ್ಪ್ರೇ ಡಬ್ಬಿಯ ಲ್ಯಾಕರ್ ಕ್ಲಿಯರನ್ನ ನೀರಿನ ಬಣ್ಣದ ಮೇಲೆ ಮೊದಲನೇ ಸಲಕ್ಕೇ ಒದ್ದೆಯಾಗಿ ಹೊಡೀಬೇಡಿ, ಸಾಲ್ವೆಂಟ್ ಕೆಳಗಿನ ಪದರಾನ ಕಚ್ಚಿ ಸುಕ್ಕು ಬರಿಸುತ್ತೆ. ದೂರದಿಂದ ಮಂಜಿನ ಹಾಗೆ ಎರಡು ಮೂರು ಸಲ, ಅದು ಒಣಗಿದ್ಮೇಲೇ ಒದ್ದೆ ಕೋಟ್. ಹವೆ ತೇವ ಇದ್ದ ದಿನ ಲ್ಯಾಕರ್ ಬಿಳಿಚಿಕೊಳ್ಳುತ್ತೆ, ಅವತ್ತು ಸುಮ್ನೆ ಇರಿ. ಮತ್ತೆ, ಹೇರ್ ಡ್ರೈಯರಲ್ಲಿ ಒಣಗಿದ ಬಣ್ಣ ಕೈಗೆ ಹತ್ತಲ್ಲ ಅಷ್ಟೇ, ಒಳಗೆ ಇನ್ನೂ ಗಟ್ಟಿಯಾಗಿರಲ್ಲ, ಬಾಳಿಕೆ ಬರ್ಬೇಕಾದ ವಸ್ತು ಆದ್ರೆ ನಾನು ಕ್ಲಿಯರ್‌ಗೆ ಮುಂಚೆ ಒಂದು ವಾರ ಬಿಡ್ತೀನಿ.

ಹೆಲ್ಮೆಟ್ಟು, ಬೈಕ್ ಟ್ಯಾಂಕು ಇವಕ್ಕೆ ಗಟ್ಟಿಯಾಗಿ ನಿಲ್ಲೋದು ಹಾರ್ಡನರ್ ಬೆರೆಸೋ 2ಕೆ (ಎರಡು ಭಾಗದ) ಯುರೆಥೇನ್ ಕ್ಲಿಯರ್. ಅದರಲ್ಲಿ ಐಸೋಸಯನೇಟ್ ಇರುತ್ತೆ, ಒಂದ್ ಸಲ ಅದು ಮೈಗೆ ಒಗ್ಗದೆ ಆಸ್ತಮಾ ಶುರು ಆದ್ರೆ ಆಮೇಲೆ ಒಂಚೂರು ತಗುಲಿದ್ರೂ ಕಷ್ಟ. ವಾಸನೆಯಿಂದ ಎಚ್ಚರಿಕೆನೂ ಸಿಗಲ್ಲ, ಸಾಮಾನ್ಯ ಮಾಸ್ಕ್ ನಂಬೋ ಹಾಗಿಲ್ಲ, ಹೊರಗಿಂದ ಶುದ್ಧ ಗಾಳಿ ಕೊಡೋ ಮಾಸ್ಕೂ, ಸ್ಪ್ರೇ ಮಾಡೋಕೆ ಅಂತಾನೇ ಇರೋ ಬೂತೂ ಬೇಕು. ನನ್ನ ಹತ್ರ ಅದಿಲ್ಲ, ಹಾಗಾಗಿ ಚಿತ್ರ ನಾನು ಮಾಡ್ತೀನಿ, ಕ್ಲಿಯರ್‌ಗೆ ಬೂತ್ ಇರೋ ಪೇಂಟರ್ ಹತ್ರ ಕೊಡ್ತೀನಿ, ಚಿತ್ರ ಶುರು ಮಾಡೋ ಮುಂಚೆನೇ ಅವರನ್ನ ಕೇಳ್ತೀನಿ, ನಿಮ್ಮ ಕ್ಲಿಯರ್ ಯಾವ ಬಣ್ಣದ ಮೇಲೆ ಕೂರುತ್ತೆ ಅಂತ.

ಈಗ ಪ್ರತಿ ಹೊಸ ಜೋಡಣೆಗೂ ಮೊದಲು ಒಂದು ಮಾದರಿ ತುಂಡು ಮಾಡ್ಕೊತೀನಿ. ಅದೇ ಲೋಹದ ಅಥವಾ ಪ್ಲಾಸ್ಟಿಕ್ಕಿನ ಅಂಗೈ ಅಗಲದ ತುಂಡು, ಅದೇ ಪ್ರೈಮರ್, ಅದೇ ಬಣ್ಣ, ಅರ್ಧಕ್ಕೆ ಮಾತ್ರ ಕ್ಲಿಯರ್. ವಾರ ಬಿಟ್ಟು ಬ್ಲೇಡಲ್ಲಿ ಚೌಕುಳಿ ಗೆರೆ ಕೊಯ್ದು, ಮೇಲೆ ಟೇಪ್ ಒತ್ತಿ ಒಂದೇ ಎಳೆತಕ್ಕೆ ಕೀಳ್ತೀನಿ. ಟೇಪಿಗೆ ಬಣ್ಣ ಅಂಟಿ ಬಂದ್ರೆ ಆ ಜೋಡಣೆ ಬೇಡ. ಹಿಂದೆ ಮಾರ್ಕರಲ್ಲಿ ತಾರೀಕು, ಎಷ್ಟು ಹನಿಗೆ ಎಷ್ಟು ರೆಡ್ಯೂಸರ್, ಪಿಎಸ್‌ಐ ಎಲ್ಲಾ ಬರ್ದಿಡ್ತೀನಿ. ತಂಗಿ ಬಾಟಲೀನ ಹೋದ ವರ್ಷ ಮತ್ತೆ ಮಾಡಿಕೊಟ್ಟೆ, ಅದಕ್ಕೆ ಮುಂಚೆ ನಾಲ್ಕು ಮಾದರಿ ತುಂಡು ಆಯ್ತು, ಎರಡು ಟೇಪಿಗೆ ಬಂತು, ಒಂದು ಕ್ಲಿಯರಲ್ಲಿ ಸುಕ್ಕಾಯ್ತು, ನಾಲ್ಕನೇದು ನಿಂತಿತು. ಬಾಟಲಿ ಬಾಯಿ ಹತ್ರ ತುಟಿ ತಾಗೋ ಜಾಗ ಬರೀ ಸ್ಟೀಲೇ ಬಿಟ್ಟಿದೀನಿ, ಅಲ್ಲಿಂದ ಎರಡು ಬೆರಳು ಕೆಳಗೆ ಮಿಂಚುಳ್ಳಿ ಶುರುವಾಗುತ್ತೆ.